41 ಪುಸ್ತಕಗಳ ಡಿಸ್ಕ್‌ವರ್ಲ್ಡ್: ನಾನು ಎಂಟನೆಯದರಿಂದ ಶುರು ಮಾಡಿದ ಕಥೆ

ಟೆರಿ ಪ್ರಾಚೆಟ್ ಬರೆದ ಡಿಸ್ಕ್‌ವರ್ಲ್ಡ್ ಸರಣಿಯಲ್ಲಿ 41 ಕಾದಂಬರಿಗಳಿವೆ. ಒಂದನ್ನೂ ಬಿಡದೆ ಸಾಲಾಗಿ ಓದಿಬಿಡ್ತೀನಿ ಅಂತ ಜಂಬದಿಂದ ಹೊರಟಿದ್ದೆ. ಎರಡನೆಯದರ ಅರ್ಧಕ್ಕೇ ಸುಸ್ತಾಯಿತು.

1983ರ ಮೊದಲ ಪುಸ್ತಕ ದಿ ಕಲರ್ ಆಫ್ ಮ್ಯಾಜಿಕ್, ಹಳೆಯ ಕತ್ತಿ-ಮಂತ್ರದ ಕಥೆಗಳನ್ನು ಗೇಲಿ ಮಾಡುತ್ತೆ. ಆ ಕಥೆಗಳನ್ನೇ ಓದಿಲ್ಲದ ನನಗೆ ನಗು ಎಲ್ಲಿಂದ ಬರಬೇಕು? ಓಡಿಹೋಗುವುದರಲ್ಲಿ ಮಾತ್ರ ಪಳಗಿದ ಮಂತ್ರವಾದಿ ರಿನ್ಸ್‌ವಿಂಡ್, ಪುಟ್ಟ ಪುಟ್ಟ ಕಾಲುಗಳ ಮೇಲೆ ಯಜಮಾನನ ಹಿಂದೆ ಓಡೋ ಪೆಟ್ಟಿಗೆ, ಎಲ್ಲ ಮಜವಾಗೇ ಇತ್ತು. ಆದರೆ ಕಥೆ ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. ಆರು ತಿಂಗಳು ಅದರ ತಂಟೆಗೇ ಹೋಗಲಿಲ್ಲ.

ಆಮೇಲೆ ಗೊತ್ತಾಯಿತು, ಇದನ್ನು ಸಾಲಾಗಿ ಓದಬೇಕಾಗೇ ಇಲ್ಲ. ಪ್ರಪಂಚ ಒಂದೇ: ಆಮೆ, ಅದರ ಬೆನ್ನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ತಟ್ಟೆಯಂಥ ಭೂಮಿ. ಅದರೊಳಗೆ ಮಂತ್ರವಾದಿಗಳು, ಮಾಟಗಾತಿಯರು, ಸಾವು (ಇಲ್ಲಿ ಅದೂ ಒಂದು ಪಾತ್ರ), ಕಾವಲುಗಾರರು ಅಂತ ಬೇರೆ ಬೇರೆ ಬಳಗ. ಒಂದು ಬಳಗ ಹಿಡಿದು ಹೊರಟರೆ ಸಾಕು.

ನಾನು ಕಾವಲುಗಾರರನ್ನು ಹಿಡಿದೆ. ಎಂಟನೇ ಪುಸ್ತಕ, ಗಾರ್ಡ್ಸ್! ಗಾರ್ಡ್ಸ್!, 1989ರದು. ಆಂಖ್-ಮೋರ್‌ಪೋರ್ಕ್ ಅಂತ ಒಂದು ಕೊಳಕು ನಗರ. ಅಲ್ಲಿ ಕಳ್ಳರಿಗೂ ಸಂಘ ಇದೆ, ವರ್ಷಕ್ಕೆ ಇಷ್ಟೇ ಕಳ್ಳತನ ಅಂತ ಲೆಕ್ಕ ಇದೆ, ಕದ್ದ ಮೇಲೆ ರಸೀದಿ ಬೇರೆ! ಹಾಗಾಗಿ ರಾತ್ರಿ ಕಾವಲಿನವರಿಗೆ ಮಾಡೋಕೆ ಕೆಲಸವೇ ಇಲ್ಲ, ಅವರ ಕ್ಯಾಪ್ಟನ್ ವೈಮ್ಸ್ ಕುಡಿದು ಚರಂಡಿಯಲ್ಲಿ ಬಿದ್ದಿರುತ್ತಾನೆ. ಅಷ್ಟರಲ್ಲಿ ಕುಳ್ಳರ ಮನೆಯಲ್ಲಿ ಬೆಳೆದ ಆರಡಿ ಹುಡುಗ ಕ್ಯಾರಟ್ ಬಂದು, ಕಾನೂನು ಪುಸ್ತಕ ಬಾಯಿಪಾಠ ಮಾಡಿ, ಕಳ್ಳರ ಸಂಘದ ಮುಖ್ಯಸ್ಥನನ್ನೇ ಹಿಡಿದು ಒಳಗೆ ಹಾಕ್ತಾನೆ. ಅಲ್ಲಿಗೆ ನಾನೂ ಒಳಗೆ.

ಆ ಬಳಗದ ಮುಂದಿನದು ಮೆನ್ ಅಟ್ ಆರ್ಮ್ಸ್. ಅದರಲ್ಲಿ ವೈಮ್ಸ್‌ನ ಬೂಟಿನ ಲೆಕ್ಕ ಬರುತ್ತೆ: 50 ಡಾಲರಿನ ಬೂಟು ವರ್ಷಗಟ್ಟಲೆ ಬಾಳುತ್ತೆ, 10 ಡಾಲರಿನದು ಬೇಗ ಕಿತ್ತುಹೋಗುತ್ತೆ, ಕೊನೆಗೆ ಬಡವನೇ ಜಾಸ್ತಿ ಖರ್ಚು ಮಾಡಿ, ಒದ್ದೆ ಕಾಲಲ್ಲಿ ನಿಂತಿರುತ್ತಾನೆ. ನಗಿಸುತ್ತಾ ನಗಿಸುತ್ತಾ ಹೀಗೆ ಚುಚ್ಚೋದು ಮೊದಲ ಪುಸ್ತಕದಲ್ಲಿ ನನಗೆ ಕಂಡಿರಲಿಲ್ಲ.

ಇಲ್ಲೊಂದು ಎಡವಟ್ಟು ಮಾಡಿಕೊಂಡೆ. ಎಲ್ಲರೂ ಹೊಗಳ್ತಾರೆ ಅಂತ ನೇರ ನೈಟ್ ವಾಚ್‌ಗೆ ಹಾರಿದೆ. ಅದು ಕಾವಲುಗಾರರ ಆರನೆಯದು, ವೈಮ್ಸ್ ತನ್ನ ಹರೆಯದ ಕಾಲಕ್ಕೆ ಹೋಗಿ ಬೀಳ್ತಾನೆ. ಅವನು ಏನೇನು ಗಳಿಸಿದ್ದಾನೆ ಅಂತ ಗೊತ್ತಿಲ್ಲದೆ ಏನು ಕಳಕೊಳ್ತಿದ್ದಾನೆ ಅಂತ ಹೇಗೆ ತಿಳಿಯುತ್ತೆ? ನಡುವಿನ ಮೂರು ಓದಿ ಮತ್ತೆ ಕೈಗೆತ್ತಿಕೊಂಡಾಗ ಗಂಟಲು ಕಟ್ಟಿತು.

ಅಡಿಟಿಪ್ಪಣಿ ಮಾತ್ರ ಬಿಡಬೇಡಿ. ಇ-ರೀಡರ್‌ನಲ್ಲಿ ನಾನು ಮೊದಮೊದಲು ಸುಮ್ನೆ ದಾಟಿಕೊಂಡು ಹೋಗ್ತಿದ್ದೆ, ಎಷ್ಟೋ ಜೋಕು ಅಲ್ಲೇ ಉಳಿದುಹೋಯ್ತು. ಶಬ್ದಚಮತ್ಕಾರ ಅರ್ಥವಾಗದಿದ್ದರೆ ಹುಡುಕುತ್ತಾ ಕೂರದೆ ಮುಂದೆ ಹೋಗಿ. ಹೆಚ್ಚಿನ ಪುಸ್ತಕಗಳಲ್ಲಿ ಅಧ್ಯಾಯಗಳೇ ಇಲ್ಲ, ಎಲ್ಲಿ ನಿಲ್ಲಿಸೋದು ಅಂತ ತಿಳಿಯದೆ ನಿದ್ದೆ ಕೆಡುತ್ತೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಒಂದೇ ಒಂದು ಓದಿ ನೋಡೋಣ ಅನ್ನುವವರಿಗೆ 1992ರ ಸ್ಮಾಲ್ ಗಾಡ್ಸ್ ಇದೆ: ದೇವರು ಆಮೆಯಾಗಿ ಸಿಕ್ಕಿಕೊಂಡಿದ್ದಾನೆ, ನಿಜವಾದ ಭಕ್ತ ಒಬ್ಬನೇ ಉಳಿದಿದ್ದಾನೆ.

ಈಗ 23 ಮುಗಿದಿವೆ. ಅರ್ಧಕ್ಕೆ ಬಿಟ್ಟಿದ್ದ ಎರಡನೆಯದನ್ನೂ ಮತ್ತೆ ಓದಿದೆ. ನನ್ನ ಮೆಚ್ಚಿನ ಪಾತ್ರ, ಮಂತ್ರವಾದಿಗಳ ವಿಶ್ವವಿದ್ಯಾಲಯದ ಲೈಬ್ರರಿಯನ್, ಮನುಷ್ಯನಿಂದ ಒರಾಂಗುಟಾನ್ ಆಗೋದು ಅದರ ಶುರುವಿನಲ್ಲೇ ಇದೆ, ಮೊದಲ ಸಲ ಓದಿಯೂ ನಾನು ಗಮನಿಸಿರಲಿಲ್ಲ.