ಟ್ಯೂಬ್ ಆಂಪ್ ಬಿಟ್ಟು ಮಾಡೆಲರ್‌ಗೆ ಬರುವವರು ಮೊದಲು ನೋಡಬೇಕಾದ್ದು ಸ್ಪೀಕರ್

ಗಿಟಾರಿನ ಟ್ಯೂಬ್ ಆಂಪ್ (ಗಾಜಿನ ವ್ಯಾಕ್ಯೂಮ್ ಟ್ಯೂಬ್ ಇರುವ ಆಂಪ್ಲಿಫೈಯರ್) ಮತ್ತು ಅದರ ಸ್ಪೀಕರಿನ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವ ಪೆಟ್ಟಿಗೆಯೇ ಮಾಡೆಲರ್. ಅದನ್ನು ಕೊಂಡ ಮೊದಲ ವಾರ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ಟೋನ್ ಚೆನ್ನಾಗಿದೆ, ಆದ್ರೆ ಜೀವ ಇಲ್ಲ. ಆಮೇಲೆ ಟ್ಯೂಬಿಗೆ ಟ್ಯೂಬೇ ಸಾಟಿ ಅಂತ ಪೆಟ್ಟಿಗೆ ಮಾರಿಬಿಡುತ್ತಾರೆ. ನನ್ನ ಪ್ರಕಾರ ಈ ಜಗಳದಲ್ಲಿ ಟ್ಯೂಬಿನ ಪಾಲು ಕಡಿಮೆ. ಸ್ಪೀಕರಿನ ಪಾಲೇ ಜಾಸ್ತಿ.

ನನ್ನ ಹಳೇ ಕಾಂಬೊ, ಅಂದ್ರೆ ಆಂಪ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದು, 22 ವಾಟಿನದು. ಒಳಗೆ ಎರಡು 6ವಿ6 ಟ್ಯೂಬ್, ಒಂದು 12 ಇಂಚಿನ ಸ್ಪೀಕರ್. ಅದು ನೆಲದ ಮೇಲಿರುತ್ತಿತ್ತು, ನಾನು ನಿಂತು ನುಡಿಸುತ್ತಿದ್ದೆ. ಅಂದ್ರೆ ಸ್ಪೀಕರಿನ ನೇರ ಸದ್ದು ಹೋಗುತ್ತಿದ್ದದ್ದು ನನ್ನ ಮೊಣಕಾಲಿಗೆ. ಕಿವಿಗೆ ಬರುತ್ತಿದ್ದದ್ದು ಬಹುಪಾಲು ಗೋಡೆಗೆ, ನೆಲಕ್ಕೆ ಬಡಿದು ಮೆತ್ತಗಾದ ಸದ್ದು. ಮಾಡೆಲರ್ ಕೊಡುವುದು ಸ್ಪೀಕರಿನ ಮುಂದೆ ಒಂದೆರಡು ಇಂಚು ದೂರದಲ್ಲಿಟ್ಟ ಮೈಕ್ ಕೇಳುವ ಸದ್ದನ್ನು. ರೆಕಾರ್ಡ್‌ಗಳಲ್ಲಿ ನಾವು ಮೆಚ್ಚುವ ಗಿಟಾರ್ ಟೋನ್ ಕೂಡ ಹೆಚ್ಚಾಗಿ ಇದೇ. ಆದರೆ ಅದು ನಮ್ಮ ಕೋಣೆಯಲ್ಲಿ ಕೇಳಿ ಅಭ್ಯಾಸವಾದ ಸದ್ದಲ್ಲ, ಅಷ್ಟೇ.

ಹಾಗಾಗಿ ಯಾವ ಆಂಪ್ ಮಾಡೆಲ್ ಅಂತ ಹುಡುಕುವ ಮೊದಲು, ಯಾವುದರಲ್ಲಿ ಕೇಳುತ್ತೀರಿ ಅಂತ ತೀರ್ಮಾನಿಸಿ.

ಕೋಣೆಯ ಆ ಸದ್ದೇ ಬೇಕು ಅಂದ್ರೆ ಹಳೇ ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಇಟ್ಟುಕೊಳ್ಳಿ. ಮಾಡೆಲರ್‌ನಿಂದ ಒಂದು ಪವರ್ ಆಂಪ್‌ಗೆ, ಅಲ್ಲಿಂದ ಕ್ಯಾಬಿನೆಟ್‌ಗೆ. ಟ್ಯೂಬ್ ಆಂಪಿನ ಹಿಂದಿರುವ, ನೇರ ಅದರ ಪವರ್ ಆಂಪ್‌ಗೆ ಹೋಗುವ ಎಫೆಕ್ಟ್ಸ್ ರಿಟರ್ನ್‌ಗೂ ಚುಚ್ಚಬಹುದು. ಆಗ ಮಾಡೆಲರ್‌ನಲ್ಲಿ ಕ್ಯಾಬ್ ಸಿಮ್ಯುಲೇಶನ್ (ಕ್ಯಾಬಿನೆಟ್ ಮತ್ತು ಮೈಕಿನ ಅನುಕರಣೆ) ಆಫ್ ಮಾಡಿ. ಟ್ಯೂಬ್ ಆಂಪಿಗೆ ಚುಚ್ಚುವಾಗ ಪ್ರೀಆಂಪ್ (ಆಂಪಿನ ಮೊದಲ ಹಂತ) ಮಾತ್ರ ಇರುವ ಮಾಡೆಲ್ ಸಿಕ್ಕರೆ ಇನ್ನೂ ಒಳ್ಳೆಯದು, ಯಾಕಂದ್ರೆ ಪವರ್ ಟ್ಯೂಬಿನ ಬಣ್ಣ ಆ ಆಂಪಿನಲ್ಲಿ ಆಗಲೇ ಇದೆ. ಒಂದು ಎಚ್ಚರಿಕೆ. ಟ್ಯೂಬ್ ಆಂಪ್ ಆನ್ ಇದ್ದಾಗ ಸ್ಪೀಕರ್ ಅಥವಾ ಸ್ಪೀಕರಿನ ಬದಲು ನಿಲ್ಲುವ ಲೋಡ್ ಬಾಕ್ಸ್ ಸೇರಿಸಿರಲೇಬೇಕು. ಹೆಡ್‌ಫೋನ್‌ನಲ್ಲಿ ಕೇಳ್ತಿದ್ದೀನಲ್ಲ ಅಂತ ಸ್ಪೀಕರ್ ವೈರ್ ಕಿತ್ತರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಹೆಡ್‌ಫೋನ್, ಸ್ಟುಡಿಯೊ ಮಾನಿಟರ್, ಪಿಎ (ಸಭೆಗೆ ಕೇಳಿಸುವ ಸೌಂಡ್ ಸಿಸ್ಟಮ್) ಅಂದ್ರೆ ಕ್ಯಾಬ್ ಸಿಮ್ಯುಲೇಶನ್ ಆನ್ ಇರಲೇಬೇಕು. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಜ್ ದಾಟಿದ ಮೇಲೆ ಥಟ್ಟನೆ ಕೈಬಿಡುತ್ತದೆ. ಮಾನಿಟರ್‌ಗಳು ಹಾಗಲ್ಲ, 20 ಕಿಲೋಹರ್ಟ್ಜ್‌ವರೆಗೂ ಎಲ್ಲವನ್ನೂ ಒದರುತ್ತವೆ. ಕ್ಯಾಬ್ ಇಲ್ಲದ ಡಿಸ್ಟಾರ್ಷನ್ ಡಬ್ಬಿಯಲ್ಲಿ ಸಿಕ್ಕಿಕೊಂಡ ಜೇನುನೊಣದ ಹಾಗೆ ಕೇಳುವುದು ಅದಕ್ಕೇ.

ಈಗ ಐಆರ್ (ಇಂಪಲ್ಸ್ ರೆಸ್ಪಾನ್ಸ್) ವಿಷಯ. ಒಂದು ಸ್ಪೀಕರ್, ಅದರ ಪೆಟ್ಟಿಗೆ, ಮುಂದಿಟ್ಟ ಮೈಕ್, ಮೂರೂ ಸೇರಿ ಸದ್ದನ್ನು ಹೇಗೆ ಬದಲಿಸುತ್ತವೆ ಅನ್ನುವುದರ ಪುಟ್ಟ ದಾಖಲೆ ಅದು. ಜನ ಸಾವಿರಗಟ್ಟಲೆ ಐಆರ್ ಡೌನ್‌ಲೋಡ್ ಮಾಡಿ, ಗಿಟಾರ್ ಮುಟ್ಟದೆ ರಾತ್ರಿಯೆಲ್ಲಾ ಫೈಲ್ ಬದಲಿಸುತ್ತಾ ಕೂರುತ್ತಾರೆ. ಬೇಡ. ಮಾಡೆಲರ್‌ನಲ್ಲೇ ಇರುವ ಒಂದು ಕ್ಯಾಬ್ ತಗೊಳ್ಳಿ, ಶೂರ್ ಎಸ್‌ಎಂ57 ಮೈಕ್ ಆರಿಸಿ. ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಲೂಪರ್‌ನಲ್ಲಿ ಒಂದು ಓಪನ್ ಇ ಕಾರ್ಡ್ ರೆಕಾರ್ಡ್ ಮಾಡಿ ಸುತ್ತಲು ಬಿಡಿ. ಮೈಕ್ ಅನ್ನು ಸ್ಪೀಕರಿನ ನಟ್ಟನಡುವಿನಿಂದ ಅಂಚಿನ ಕಡೆಗೆ ನಿಧಾನಕ್ಕೆ ಸರಿಸಿ. ನಡುವಿನಲ್ಲಿ ಪಿಕ್ ತಾಗುವ ಸದ್ದು ಕಿವಿಗೆ ಚುಚ್ಚುತ್ತದೆ. ಸ್ಪೀಕರಿನ ನಡುವಿನ ಗುಂಡು ಮುಚ್ಚಳ, ಅಂದ್ರೆ ಡಸ್ಟ್ ಕ್ಯಾಪ್, ಮುಗಿದು ಕೋನ್ ಶುರುವಾಗುವ ಜಾಗಕ್ಕೆ ಬಂದಾಗ ಆ ಚುಚ್ಚು ಇಳಿದು ತಂತಿಯ ಸದ್ದು ದಪ್ಪವಾಗುತ್ತದೆ. ಇನ್ನೂ ಆಚೆ ಹೋದರೆ ಮಂಕು. ಈ ಎರಡು ಇಂಚು ಮಾಡುವ ಕೆಲಸವನ್ನು ಆಂಪಿನ ಟ್ರೆಬಲ್ ನಾಬ್ ಮಾಡಲಾರದು. ಇನ್ನೂ ದುಂಡಗೆ ಬೇಕಾದರೆ ರಾಯರ್ ಆರ್-121 ಥರದ ರಿಬ್ಬನ್ ಮೈಕ್ ಹಾಕಿ. ಆಮೇಲೆ 80 ಹರ್ಟ್ಜ್ ಸುತ್ತ ಲೋ ಕಟ್ (ಅದರ ಕೆಳಗಿನದನ್ನು ತೆಗೆಯುವುದು), 6ರಿಂದ 8 ಕಿಲೋಹರ್ಟ್ಜ್ ನಡುವೆ ಹೈ ಕಟ್ (ಅದರ ಮೇಲಿನದನ್ನು ತೆಗೆಯುವುದು). ದಪ್ಪ ಇ ತಂತಿಯೇ 82 ಹರ್ಟ್ಜ್, ಅದರ ಕೆಳಗೆ ಗಿಟಾರಿಗೆ ಕೆಲಸ ಏನಿದೆ?

ಮಾಡೆಲರ್ ಜೊತೆ ಬರುವ ಫ್ಯಾಕ್ಟರಿ ಪ್ರೀಸೆಟ್ (ಸಿದ್ಧ ಟೋನ್) ಕೇಳಿ, ಖುಷಿಪಡಿ, ಪಕ್ಕಕ್ಕಿಡಿ. ಅವುಗಳಲ್ಲಿ ರಿವರ್ಬ್, ಡಿಲೇ ಧಾರಾಳ. ಖಾಲಿ ಪ್ರೀಸೆಟ್ ತೆರೆದು ನಿಮ್ಮ ಹಳೇ ಆಂಪಿನ ಮಾಡೆಲ್ ಹಾಕಿ, ಒಂದು ಕ್ಯಾಬ್ ಹಾಕಿ, ಬೇರೇನೂ ಬೇಡ. ಆ ಆಂಪಿನ ಸದ್ದು ಎಲ್ಲಿ ಒಡೆದು ಡಿಸ್ಟಾರ್ಟ್ ಆಗುತ್ತದೆ ಅಂತ ನಿಮ್ಮ ಕೈಗೆ ಗೊತ್ತು. ಗಿಟಾರಿನ ವಾಲ್ಯೂಮ್ ಇಳಿಸಿ ಸದ್ದು ತಿಳಿಯಾಗುತ್ತದಾ ನೋಡಿ. ಮಾಸ್ಟರ್ ನಾಬ್ ಪವರ್ ಆಂಪನ್ನು ಎಷ್ಟು ದುಡಿಸಬೇಕು ಅನ್ನುವುದನ್ನು ಹೇಳುತ್ತದೆ, ಟೋನ್ ಬದಲಾಗುತ್ತದೆ. ಬರೀ ಜೋರು ಕಡಿಮೆ ಮಾಡಲು ಚಾನೆಲ್ ವಾಲ್ಯೂಮ್ ಅಥವಾ ಔಟ್‌ಪುಟ್ ಲೆವೆಲ್ ಇದೆ. ಸ್ಯಾಗ್, ಬಯಾಸ್ ಥರದ ಒಳಗಿನ ಸೂಕ್ಷ್ಮ ಸೆಟ್ಟಿಂಗ್ ಇವನ್ನೆಲ್ಲ ಸದ್ಯಕ್ಕೆ ಮುಟ್ಟಬೇಡಿ.

ಕಂಪ್ಯೂಟರಿನಲ್ಲಿ ಪ್ಲಗಿನ್ (ಮಾಡೆಲರ್ ಕೆಲಸ ಮಾಡುವ ಸಾಫ್ಟ್‌ವೇರ್) ಬಳಸುವವರಿಗೆ ಇನ್‌ಪುಟ್ ಲೆವೆಲ್ ಬಹಳ ಮುಖ್ಯ. ಗಿಟಾರ್ ಹೋಗಬೇಕಾದ್ದು ಇನ್‌ಸ್ಟ್ರುಮೆಂಟ್ ಇನ್‌ಪುಟ್‌ಗೆ. ಗಿಟಾರನ್ನು ಕಂಪ್ಯೂಟರಿಗೆ ಸೇರಿಸುವ ಇಂಟರ್‌ಫೇಸ್‌ನ ಗೇನ್ ಏರಿಸಿ ಮೀಟರ್ ತುಂಬಿಸುವ ಚಟ ಬಿಡಿ. ಆಂಪ್ ಮಾಡೆಲ್‌ಗೆ ಅದು ಗಿಟಾರ್ ಮುಂದೆ ಬೂಸ್ಟ್ ಪೆಡಲ್ ಇಟ್ಟ ಲೆಕ್ಕ, ಕ್ಲೀನ್ ಟೋನ್ ಕೂಡ ಒಡೆಯುತ್ತದೆ. ಪ್ಲಗಿನ್ ಮಾಡಿದವರು ಎಷ್ಟು ಲೆವೆಲ್ ಹೇಳಿದ್ದಾರೋ ಅಷ್ಟೇ ಇಡಿ. ಇನ್ನು ಲೇಟೆನ್ಸಿ, ಅಂದ್ರೆ ತಂತಿ ಮೀಟಿದ ಮೇಲೆ ಸದ್ದು ಕೇಳಲು ಆಗುವ ತಡ. ಗಾಳಿಯಲ್ಲಿ ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು, ಹಾಗಾಗಿ ಮೂರು ನಾಲ್ಕು ಮಿಲಿಸೆಕೆಂಡಿಗೆ ತಲೆಕೆಡಿಸಿಕೊಳ್ಳಬೇಡಿ. ಈ ತಡವನ್ನು ನಿರ್ಧರಿಸುವ ಬಫರ್ ಸೆಟ್ಟಿಂಗ್ 64 ಅಥವಾ 128 ಸ್ಯಾಂಪಲ್ ಇಟ್ಟರೆ ಸಾಕು. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡವೇ ಬೇಡ.

ಯಾವ ಪೆಟ್ಟಿಗೆ ಕೊಳ್ಳಲಿ ಅಂತ ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ಈಗ ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಪ್ಲಗಿನ್ ಪುಕ್ಕಟೆಯಾಗಿ ಸಿಗುತ್ತದೆ. ಮೊದಲು ಅದರಲ್ಲಿ ಕೈಯಾಡಿಸಿ, ಆಮೇಲೆ ದುಡ್ಡಿನ ಮಾತು.

ಬ್ಯಾಂಡ್ ಜೊತೆ ನುಡಿಸುವವರು ಪ್ರೀಸೆಟ್‌ಗಳನ್ನು ಬ್ಯಾಂಡಿನಷ್ಟೇ ಜೋರಿನಲ್ಲಿ ಕೂರಿಸಿ. ಸಣ್ಣ ಸದ್ದಿನಲ್ಲಿ ನಮ್ಮ ಕಿವಿ ಬಾಸ್ ಮತ್ತು ಟ್ರೆಬಲ್ ಎರಡನ್ನೂ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ಇದನ್ನು 1933ರಲ್ಲೇ ಅಳೆದು ತೋರಿಸಿದ್ದರು. ಮಲಗುವ ಕೋಣೆಯಲ್ಲಿ ಹದವಾಗಿದ್ದ ಟೋನ್ ಸ್ಟೇಜಿನಲ್ಲಿ ಕೆಳಗೆ ಗುಂಯ್, ಮೇಲೆ ಕೀಚಲು ಆಗುವುದು ಇದರಿಂದಲೇ. ಗೇನ್ ಸ್ವಲ್ಪ ಇಳಿಸಿ, ಮಿಡ್ ಏರಿಸಿ. ಸೋಲೋಗೆ ಅಂತ 3 ಡೆಸಿಬೆಲ್ ಮೇಲಿರುವ ಒಂದು ಸ್ನ್ಯಾಪ್‌ಶಾಟ್ (ಪ್ರೀಸೆಟ್ ಒಳಗೆ ಉಳಿಸಿಟ್ಟ ಸೆಟ್ಟಿಂಗ್) ಇಟ್ಟುಕೊಳ್ಳಿ. ಜಾಗದ ಗುಂಯ್‌ಗುಟ್ಟುವಿಕೆಗೆ ಎಲ್ಲ ಪ್ರೀಸೆಟ್‌ಗಳಿಗೂ ಒಟ್ಟಿಗೆ ಅನ್ವಯಿಸುವ ಗ್ಲೋಬಲ್ ಇಕ್ಯೂ (ಈಕ್ವಲೈಜರ್) ಇದೆ, ಅದಕ್ಕೋಸ್ಕರ ಪ್ರೀಸೆಟ್ ತಿದ್ದಲು ಹೋಗಬೇಡಿ.