ವೇಟಿಂಗ್ ಲಿಸ್ಟ್ ಅಂದ್ರೆ ಒಂದೇ ಸಾಲಲ್ಲ: ಸಿಇಟಿ ಎರಡನೇ ರೌಂಡಿನಲ್ಲಿ ನನ್ನ ಅನುಭವ

ಈ ಸಲ ಸಿಇಟಿ ಸೀಟು ಹಂಚಿಕೆಯ ಎರಡನೇ ರೌಂಡಿನಲ್ಲಿ, ನನ್ನ ಅಂಗಡಿಗೆ ಬರುತ್ತಿದ್ದ ಒಬ್ಬ ಹುಡುಗಿಗೆ ಮೈಸೂರಿನಲ್ಲಿ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್) ಸಿಕ್ಕಿತು. ಮೊದಲ ರೌಂಡಿನಲ್ಲಿ ಆ ಸೀಟು ಅವಳಿಗಿಂತ ಸುಮಾರು ಎರಡು ಸಾವಿರ ರ‍್ಯಾಂಕ್ ಮೊದಲೇ ಮುಗಿದಿತ್ತು. "ಸಿಕ್ಕಿದ್ದನ್ನ ಬಿಡಬೇಡಿ, ಚಾಯ್ಸ್ ಒಂದು ಒತ್ತಿಬಿಡಿ" ಅಂತ ಅವಳ ಮೇಷ್ಟ್ರೂ ಹೇಳಿದ್ದರು, ಪಕ್ಕದ ಅಂಗಡಿಯವರೂ ಹೇಳಿದ್ದರು. ಚಾಯ್ಸ್ ಒಂದು ಅಂದರೆ ಸಿಕ್ಕ ಸೀಟೇ ಸಾಕು ಅಂತ. ನಾನು ಎರಡು ಒತ್ತಿಸಿದೆ, ಅಂದರೆ ಸಿಕ್ಕ ಸೀಟು ಇರಲಿ, ಇನ್ನೂ ಒಳ್ಳೇದು ಬರುತ್ತಾ ನೋಡೋಣ ಅಂತ.

ಅರಸೀಕೆರೆಯಲ್ಲಿ ನನ್ನದು ಸಣ್ಣ ಸೈಬರ್ ಸೆಂಟರ್. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನ ಇಷ್ಟದ ಕ್ರಮದಲ್ಲಿ ತುಂಬೋದು, ಹೇಗೆ ಅಂತ ನನ್ನ ಹಾಗೇ ಸೆಂಟರ್ ನಡೆಸೋರಿಗೆ ನಾನು ಹೇಳಬೇಕಾಗಿಲ್ಲ. ಸಿಇಟಿಯಲ್ಲಿ ವೇಟಿಂಗ್ ಲಿಸ್ಟ್ ಅಂತ ಯಾರೂ ಗೋಡೆಗೆ ಅಂಟಿಸಲ್ಲ, ಎರಡನೇ ರೌಂಡೇ ವೇಟಿಂಗ್ ಲಿಸ್ಟ್, ಮೊದಲ ರೌಂಡಿನವರು ಬಿಟ್ಟ ಸೀಟು ಅಲ್ಲಿ ಮುಂದಿನವರಿಗೆ ಸಿಗುತ್ತೆ. ಅದನ್ನ ಓದೋದು ಕಲಿಯೋಕೆ ನನಗೆ ನಾಲ್ಕೈದು ವರ್ಷ ಬೇಕಾಯಿತು.

ಮೊದಲ ಪೆಟ್ಟು ಬಿದ್ದದ್ದು 2022ರಲ್ಲಿ. 2021ರ ಕಟಾಫ್ (ಕೊನೇ ಸೀಟು ಸಿಕ್ಕವರ ರ‍್ಯಾಂಕ್) ಹಿಡಿದುಕೊಂಡು ಒಬ್ಬ ಹುಡುಗನಿಗೆ ಚಾಯ್ಸ್ ಮೂರು, ಅಂದರೆ ಸಿಕ್ಕ ಸೀಟು ಬಿಟ್ಟು ಮುಂದಿನ ರೌಂಡಿಗೆ ಹೋಗೋದು, ಹಾಕಿಸಿದೆ. 2021ರಲ್ಲಿ ಕೊರೋನಾದಿಂದ ಪಿಯು ಪರೀಕ್ಷೆಯೇ ನಡೆದಿರಲಿಲ್ಲ, ಬರೀ ಸಿಇಟಿ ಅಂಕದ ಮೇಲೆ ರ‍್ಯಾಂಕ್ ಕೊಟ್ಟಿದ್ದರು. ಮರುವರ್ಷ ಪಿಯು ಅರ್ಧ, ಸಿಇಟಿ ಅರ್ಧ ಆಯಿತು. ಜೊತೆಗೆ ರಿಪೀಟರ್ಸ್ (ಹಿಂದಿನ ವರ್ಷ ಪಿಯು ಮುಗಿಸಿ ಮತ್ತೆ ಸಿಇಟಿ ಬರೆದವರು) ಗಲಾಟೆ ಹೈಕೋರ್ಟಿಗೆ ಹೋಗಿ ರ‍್ಯಾಂಕೇ ಬದಲಾಯಿತು. ಎರಡು ವರ್ಷದ ರ‍್ಯಾಂಕ್ ಒಂದಕ್ಕೊಂದು ಹೋಲಿಸೋ ಹಾಗೇ ಇರಲಿಲ್ಲ. ಇದ್ದ ಸೀಟೂ ಹೋಯಿತು, ಹೊಸದೂ ಬರಲಿಲ್ಲ. ಅವರಪ್ಪ ಮ್ಯಾನೇಜ್‌ಮೆಂಟ್ ಸೀಟಿಗೆ ವರ್ಷಕ್ಕೆ ನಾಲ್ಕು ಲಕ್ಷದ ಹತ್ತಿರ ಕಟ್ಟಿದರು. ಇವತ್ತಿಗೂ ಅವರು ಸಂತೆಯಲ್ಲಿ ಎದುರಾದರೆ ನನಗೆ ಮಾತು ಹೊರಡಲ್ಲ. ಆ ಎರಡು ವರ್ಷದ ಪಟ್ಟಿ ಈಗ ನನ್ನ ಲೆಕ್ಕದಲ್ಲೇ ಇಲ್ಲ.

ಇನ್ನೊಂದು ತಪ್ಪು ಚಾಯ್ಸ್ ಎರಡರಲ್ಲಿ ಆದದ್ದು. ಮೇಲಿನ ಆಪ್ಷನ್ ಸಿಕ್ಕರೆ ಹಳೇ ಸೀಟು ತಾನಾಗೇ ರದ್ದು, ಅಲ್ವಾ? ಸುಮ್ನೆ ಇರಲಿ ಅಂತ ಮೇಲೆ ಬಿಟ್ಟಿದ್ದ ದೂರದ ಕಾಲೇಜೊಂದು ಒಬ್ಬಳಿಗೆ ಬಂದುಬಿಟ್ಟಿತು. ಅವತ್ತಿಂದ ಎರಡನೇ ರೌಂಡಿಗೆ ಮುಂಚೆ ಮನೆಯವರನ್ನ ಎದುರಿಗೆ ಕೂರಿಸಿಕೊಂಡು ಒಂದೊಂದೇ ಆಪ್ಷನ್ ಜೋರಾಗಿ ಓದುತ್ತೇನೆ. "ಇದು ಬಂದರೆ ನಿಜವಾಗ್ಲೂ ಹೋಗ್ತೀಯಾ ಪುಟ್ಟಿ?" ಅಂತ ಕೇಳುತ್ತೇನೆ. ತಡವರಿಸಿದರೆ ಡಿಲೀಟ್.

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. ಎಲ್ಲರೂ ಕಟಾಫ್ ಪಟ್ಟಿಯ ಜಿಎಂ (ಜನರಲ್ ಮೆರಿಟ್) ಕಾಲಂ ನೋಡಿ "ಇನ್ನೂರು ರ‍್ಯಾಂಕ್ ಸರಿದಿದೆ ಅಷ್ಟೇ" ಅಂತ ಕೈಚೆಲ್ಲುತ್ತಾರೆ. ಮೈಸೂರಿನ ಸೀಟು ಸಿಕ್ಕ ಈ ಹುಡುಗಿ 3ಎ ಮೀಸಲಾತಿಯವಳು, ಒಂದರಿಂದ ಹತ್ತು ಹಳ್ಳಿಯಲ್ಲೇ ಓದಿದವಳು, ಹಾಗಾಗಿ ಗ್ರಾಮೀಣ ಕೋಟಾವೂ (ಕೊನೆಯ "ಆರ್") ಇದೆ. ಅಂದರೆ ಅವಳು ಜಿಎಂ, ಜಿಎಂಆರ್, 3ಎಜಿ, 3ಎಆರ್, ಹೀಗೆ ನಾಲ್ಕು ಸಾಲಿನಲ್ಲಿ ಒಟ್ಟಿಗೆ ನಿಂತಿದ್ದಾಳೆ. 3ಎಆರ್ ಅಂಥ ಕಾಲಂನಲ್ಲಿ ಒಂದು ಬ್ರಾಂಚಿಗೆ ಇರೋದೇ ಒಂದೋ ಎರಡೋ ಸೀಟು. ಅದನ್ನ ಹಿಡಿದವರು ಮೆಡಿಕಲ್ಲಿಗೋ ಎನ್‌ಐಟಿಗೋ ಹೋದರೆ ಕಟಾಫ್ ಒಂದೇ ಏಟಿಗೆ ಸಾವಿರಗಟ್ಟಲೆ ಹಿಂದಕ್ಕೆ ಬರುತ್ತದೆ. ಹೋಗದಿದ್ದರೆ ಒಂದಿಂಚೂ ಅಲ್ಲಾಡಲ್ಲ. ಅದಕ್ಕೇ ಒಂದು ವರ್ಷದ ಪಟ್ಟಿ ಸಾಲದು. ಉದ್ದನೆಯ ಲೆಡ್ಜರಿನಲ್ಲಿ ಮೊದಲ ರೌಂಡು ನೀಲಿ, ಎರಡನೇದು ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ. ಈ ಬ್ರಾಂಚಿನ ಸಾಲಿನಲ್ಲಿ ಮೂರು ವರ್ಷವೂ ಕೆಂಪು ಅಂಕಿ ಒಂದೂವರೆಯಿಂದ ಮೂರು ಸಾವಿರ ಹಿಂದೆ ಬಂದಿತ್ತು. ಮೆಡಿಕಲ್ ಸೀಟು ಹಂಚಿಕೆ ಯಾವಾಗ ಆಗುತ್ತೆ ಅನ್ನೋದನ್ನ ಇದಕ್ಕೆ ಹೇಗೆ ಕೂಡಿಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ರಾನೇ ಇರಲಿ, ನನ್ನ ಅಂಗಡಿ ನಡೆಯೋದೇ ಅದರಿಂದ.

ನಡುವೆ ಅಕ್ಕನ ಮಗನ ಬಿಕಾಂ ವಿಷಯದಲ್ಲೂ ಒಂದು ಪ್ರಯೋಗ ಮಾಡಿದೆ. ಬೆಂಗಳೂರಿನ ಒಂದು ಕಾಲೇಜಿನ ವೇಟಿಂಗ್ ಲಿಸ್ಟಿನಲ್ಲಿ ಅವನ ನಂಬರು ನಲವತ್ತರ ಮೇಲಿತ್ತು. ವಾರವೆಲ್ಲ ಅಲ್ಲಾಡದ ಪಟ್ಟಿ, ಫೀ ಕಟ್ಟೋ ಕೊನೇ ದಿನ ಸಂಜೆ ಸರಸರ ಇಳಿಯಿತು. ಆಫೀಸಿನಿಂದ ಫೋನ್ ಬಂದಾಗ ಅವನು ಗೊತ್ತಿಲ್ಲದ ನಂಬರ್ ಅಂತ ಕಟ್ ಮಾಡಿದ್ದ. ನಾನೇ ತಿರುಗಿ ಮಾಡಿ ಸೀಟು ಉಳಿಸಿದೆ.

ಮೈಸೂರಿನ ಸೀಟಿಗೆ ಬರೋಣ. ಚಾಯ್ಸ್ ಎರಡು ಒತ್ತಿದರೂ ಫೀ ಮೊದಲೇ ಕಟ್ಟಬೇಕಿತ್ತು, ಲಕ್ಷದ ಆಸುಪಾಸು. ಅವಳಪ್ಪ ಕೊಬ್ಬರಿ ರೇಟು ಏರಲಿ ಅಂತ ಅಟ್ಟದಲ್ಲಿ ಇಟ್ಟಿದ್ದರು, ಕಾಯದೆ ಮಾರಿದರು. ಕಾಮೆಡ್‌ಕೆಯಲ್ಲಿ (ಖಾಸಗಿ ಕಾಲೇಜುಗಳ ಬೇರೆ ಪ್ರವೇಶ ಪರೀಕ್ಷೆ) ಅದೇ ಥರದ ಸೀಟು ಎರಡೂವರೆ ಲಕ್ಷದ ಹತ್ತಿರ ಆಗುತ್ತಿತ್ತು, ಅದೂ ಪ್ರತಿ ವರ್ಷ.

ಫಲಿತಾಂಶದ ರಾತ್ರಿ ಸೈಟ್ ತೆರೆಯಲೇ ಇಲ್ಲ. ಹನ್ನೊಂದೂವರೆ ತನಕ ಅಪ್ಪ ಮಗಳು ನನ್ನ ಅಂಗಡಿ ಬೆಂಚಿನ ಮೇಲೆ ಕೂತಿದ್ದರು. ಪುಟ ತೆರೆದಾಗ ನಾನು ಕಾಲೇಜಿನ ಹೆಸರು ನೋಡಲಿಲ್ಲ, ಮೊದಲು ಕಣ್ಣು ಹೋದದ್ದು ಕೆಟಗರಿ ಮೇಲೆ. 3ಎಆರ್ ಅಂತಿತ್ತು. "ಬಂತಣ್ಣಾ?" ಅಂದರು ಅವಳಪ್ಪ. ಬಂತು ಅಂದೆ. ಅವರು ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಬೇರೆ ಸೆಂಟರಿನವರು ಬೇಕಾದರೆ ಬನ್ನಿ, ಹಳೇ ವರ್ಷದ ಲೆಡ್ಜರ್ ತೋರಿಸುತ್ತೇನೆ. ಈ ವರ್ಷದ ಕೆಂಪು ಕಾಲಂ ಇನ್ನೂ ತುಂಬಿಸುತ್ತಾ ಇದ್ದೇನೆ.