ಫ್ರಾಂಕ್‌ಫರ್ಟ್‌ನಿಂದ ಲಂಡನ್‌ಗೆ: ಟಿಕೆಟ್ ತೆಗೆಯುವ ಮುಂಚೆ ಓದಿ

ಜರ್ಮನಿಗೆ ಬಂದ ಎರಡು ತಿಂಗಳಿಗೆಲ್ಲ ಹೊಸಬರು ಕೇಳುವ ಪ್ರಶ್ನೆ ಇದು. ಲಂಡನ್‌ನಲ್ಲಿ ಅಕ್ಕ ಇದ್ದಾಳೆ, ಶನಿವಾರ ಹೋಗಿ ಭಾನುವಾರ ಬರಬಹುದಾ? ಬರಬಹುದು. ಫ್ರಾಂಕ್‌ಫರ್ಟ್‌ನಿಂದ ಲಂಡನ್‌ನ ಹೀಥ್ರೋ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 655 ಕಿ.ಮೀ., ಹತ್ತಿರ ಹತ್ತಿರ ಬೆಂಗಳೂರಿಂದ ಬೀದರ್‌ಗೆ ಬಸ್ಸಲ್ಲಿ ಹೋದಷ್ಟು. ಟಿಕೆಟ್‌ನಲ್ಲಿ 1 ಗಂಟೆ 40 ನಿಮಿಷದ ಆಸುಪಾಸು ಇರುತ್ತದೆ.

ಆದರೆ ಮೊದಲು ವೀಸಾ. ಬ್ರಿಟನ್ ಷೆಂಗೆನ್‌ನಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ) ಇಲ್ಲ, ಯಾವತ್ತೂ ಇರಲಿಲ್ಲ. ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಹಿಡಿದು ಪ್ಯಾರಿಸ್‌ಗೆ ಹೋಗಬಹುದು, ಲಂಡನ್‌ಗೆ ಆಗುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರು ಬೇರೆ ವೀಸಾ ಮಾಡಿಸಲೇಬೇಕು, ಕೈಗೂಸಿಗೂ ಬೇಕು. ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ಚೆಕ್‌ಇನ್ ಕೌಂಟರಿನಲ್ಲಿದ್ದ ಹೆಂಗಸು ಪಾಸ್‌ಪೋರ್ಟಿನ ಹಾಳೆಗಳನ್ನು ಒಂದೊಂದಾಗಿ ತಿರುವಿ, ಮತ್ತೆ ಮೊದಲಿನಿಂದ ತಿರುವಿ, ತಲೆಯಾಡಿಸಿದಳು. ಮಗಳು ದೊಡ್ಡಮ್ಮನಿಗೆಂದು ಕೋಡುಬಳೆ ಡಬ್ಬಿ ಎದೆಗೆ ಅವುಚಿಕೊಂಡು ನಿಂತಿದ್ದಳು. ನಾಲ್ಕು ಟಿಕೆಟ್ ದುಡ್ಡು ಹೋಯಿತು, ಅದಕ್ಕಿಂತ ಮಗುವಿನ ಅಳು ಇನ್ನೂ ಕಿವಿಯಲ್ಲಿದೆ. ವೀಸಾ ಕೈಗೆ ಬರಲು ಸಾಮಾನ್ಯವಾಗಿ 3 ವಾರ ಬೇಕು, ಹಾಗಾಗಿ ವೀಸಾ ಮೊದಲು, ಟಿಕೆಟ್ ಆಮೇಲೆ. ಇಷ್ಟು ಹೇಳಿದ ಮೇಲೂ ಪ್ರತಿ ವರ್ಷ ಯಾರಾದರೂ ಒಬ್ಬರು ಸುಮ್ನೆ ಟಿಕೆಟ್ ತೆಗೆದು ಫೋನ್ ಮಾಡುತ್ತಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಗಡಿಯಾರದ ಲೆಕ್ಕ: ಲಂಡನ್ ನಮಗಿಂತ 1 ಗಂಟೆ ಹಿಂದೆ. ಬೆಳಿಗ್ಗೆ 10ಕ್ಕೆ ಹೊರಟರೆ ಅಲ್ಲಿ 10:40. ವಾಪಸ್ ಬರುವಾಗ ಪಶ್ಚಿಮದ ಗಾಳಿ ಬೆನ್ನಿಗಿದ್ದು ಸ್ವಲ್ಪ ಬೇಗ ಮುಟ್ಟಿದರೂ, ಗಡಿಯಾರ ಮಾತ್ರ ಎರಡೂವರೆ ಗಂಟೆ ಮುಂದೆ ಓಡಿರುತ್ತದೆ. ಭಾನುವಾರ ರಾತ್ರಿಯ ಕೊನೆಯ ವಿಮಾನ ಹಿಡಿದು ಸೋಮವಾರ ಮಕ್ಕಳನ್ನು ಶಾಲೆಗೆ ಎಬ್ಬಿಸುವವರು ಇದನ್ನು ಮರೆಯಬೇಡಿ.

ಮನೆಯಿಂದ ಮನೆಗೆ 6 ಗಂಟೆ ಇಟ್ಟುಕೊಳ್ಳಿ. ಇಲ್ಲಿ ಹೊರಡುವಾಗ ಒಂದು ಪಾಸ್‌ಪೋರ್ಟ್ ಸಾಲು, ಅಲ್ಲಿ ಇಳಿದಾಗ ಇನ್ನೊಂದು. ಊರಲ್ಲಿ ಬಸ್ ಸ್ಟ್ಯಾಂಡಿಗೆ ಐದು ನಿಮಿಷ ಮುಂಚೆ ಹೋಗುವ ಅಭ್ಯಾಸ ಇಲ್ಲಿ ನಡೆಯದು, ಎರಡೂವರೆ ಗಂಟೆ ಮುಂಚೆ ಇರಿ.

ಅಗ್ಗದ ಟಿಕೆಟ್ ಕಂಡರೆ ವಿಮಾನ ನಿಲ್ದಾಣದ ಹೆಸರು ಪೂರ್ತಿ ಓದಿ. ಫ್ರಾಂಕ್‌ಫರ್ಟ್-ಹಾನ್ ಹೆಸರಿಗಷ್ಟೇ ಫ್ರಾಂಕ್‌ಫರ್ಟ್, ಊರಿಂದ ಸುಮಾರು 120 ಕಿ.ಮೀ. ದೂರ. ಆ ಕಡೆ ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣದಲ್ಲಿ ಇಳಿದರೆ ಲಂಡನ್ ಊರೊಳಗಿನ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್‌ಗೆ ರೈಲಿನಲ್ಲೇ 50 ನಿಮಿಷ. ಉಳಿಸಿದ ದುಡ್ಡು ಬಸ್ಸು ರೈಲಿಗೇ ಹೋಗುತ್ತದೆ, ಅಲ್ವಾ?

ಉಳಿದದ್ದು:
- ಉಪ್ಪಿನಕಾಯಿ, ಗೊಜ್ಜು ಚೆಕ್‌ಇನ್ ಬ್ಯಾಗಿಗೆ
- ಹಾಲು, ಬೆಣ್ಣೆ, ಚೀಸ್ ಬೇಡ, 2025ರ ಏಪ್ರಿಲ್‌ನಿಂದ ಬ್ರಿಟನ್ ಬಿಡುತ್ತಿಲ್ಲ
- ವಾಪಸ್ ಬರಲು ರೆಸಿಡೆನ್ಸ್ ಕಾರ್ಡ್, ಮಕ್ಕಳದ್ದೂ

ಲಂಡನ್‌ನಲ್ಲಿ ಅರ್ಧ ದಿನ ಸಿಕ್ಕರೆ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ನಮ್ಮ ಬಸವಣ್ಣನ ಪ್ರತಿಮೆ 2015ರಿಂದ ಅಲ್ಲಿದೆ, ನದಿಯಾಚೆ ಪಾರ್ಲಿಮೆಂಟ್ ಕಾಣುತ್ತದೆ. ಕೂಡಲಸಂಗಮ ಎಲ್ಲಿದೆ ಅಂತ ಮಕ್ಕಳಿಗೆ ಅಲ್ಲೇ ಹೇಳಿ.